ಅಲಗು ಕುಲುಮೆಯದು, ಒರೆ ನಮ್ಮದು

ಕಡೂರು ತಾಲ್ಲೂಕಿನ ಯಗಟಿ ಹೋಬಳಿಯಂಥ ಬಯಲುಸೀಮೆಯಲ್ಲಿ ತಂಗಡಿ ಗಿಡವನ್ನು ಯಾರೂ ನೆಟ್ಟು ಬೆಳೆಸುವುದಿಲ್ಲ; ನೀರು ಕಾಣದ ಬೀಳುಗಳಲ್ಲಿ ತಾನಾಗಿ ಎದ್ದು ಹಳದಿ ಹೂ ಬಿಡುತ್ತದೆ. ಕತ್ತಿಯ ಅಲಗಿಗೂ ಅದರ ಒರೆಗೂ ಈ ಒಂದೇ ಗಿಡದ ನಂಟಿದೆ. 1800–01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕನನ್ ಆ ಸೀಮೆಯ ಉಕ್ಕು ತಯಾರಿಕೆಯನ್ನು ಕಣ್ಣಾರೆ ಕಂಡು ದಾಖಲಿಸಿದ. ಕಬ್ಬಿಣದ ತುಂಡಿನ ಜೊತೆ ತಂಗಡಿ ಕಟ್ಟಿಗೆಯ ಚೂರು, ಒಂದೆರಡು ಹಸಿರೆಲೆ ಇಟ್ಟು ಮಣ್ಣಿನ ಮೂಸೆಯ ಬಾಯಿ ಮುಚ್ಚಿ ಕಾಯಿಸುತ್ತಿದ್ದರು. ಕಟ್ಟಿಗೆಯ ಇಂಗಾಲ ಕಬ್ಬಿಣಕ್ಕಿಳಿದರೆ ಅದೇ ಉಕ್ಕು. ಇನ್ನು ಅದೇ ಗಿಡದ ತೊಗಟೆ ದಕ್ಷಿಣ ಭಾರತದಲ್ಲಿ ಚರ್ಮ ಹದ ಮಾಡಲು ತಲೆಮಾರುಗಳಿಂದ ಬಳಕೆಯಾಗಿದೆ. ಪಕ್ಕದ ತರೀಕೆರೆ ಸೀಮೆಯ ಕೆಮ್ಮಣ್ಣುಗುಂಡಿಯ ಅದಿರೇ 1923ರಲ್ಲಿ ಕೆಲಸ ಆರಂಭಿಸಿದ ಭದ್ರಾವತಿ ಕಬ್ಬಿಣದ ಕಾರ್ಖಾನೆಗೆ ಹೋದದ್ದು. ಇಷ್ಟು ಹತ್ತಿರದಲ್ಲಿ ಇಷ್ಟೆಲ್ಲ ಇರುವಾಗ, ಕೈಯಾರೆ ಕತ್ತಿ ಮಾಡುವ ಹವ್ಯಾಸ ಹಿಡಿದವರು ಹೊರದೇಶದ ವಿಡಿಯೊ ನೋಡಿ, ಹೊರಗಿನ ಉಕ್ಕಿನ ಪಟ್ಟಿ ತರಿಸಿಕೊಂಡು, ಗ್ರೈಂಡರ್ ಹಿಡಿದು ಒಬ್ಬರೇ ಕೂರುವುದು ನನಗೆ ಸರಿಕಾಣುವುದಿಲ್ಲ. ಈ ಹವ್ಯಾಸ ಹತ್ತಿರದ ಕುಲುಮೆಯಲ್ಲಿ ಶುರುವಾಗಬೇಕು. ಅಲಗನ್ನು ಕಮ್ಮಾರ ಬಡಿಯಲಿ. ಹಿಡಿ ಮತ್ತು ಒರೆ ಹವ್ಯಾಸಿಯ ಪಾಲಿಗಿರಲಿ.

ಹಾಗಾದರೆ ಅದು ‘ನಾನು ಮಾಡಿದ ಕತ್ತಿ’ ಹೇಗಾದೀತು ಎಂಬ ಪ್ರಶ್ನೆ ಸಹಜ. ಆದರೆ ಕತ್ತಿಯನ್ನು ಆದಿಯಿಂದ ಅಂತ್ಯದವರೆಗೆ ಒಬ್ಬನೇ ಮಾಡಬೇಕೆಂಬ ಹಟ ನಮ್ಮ ಪರಂಪರೆಯಲ್ಲಿ ಇರಲಿಲ್ಲ. ಕಮ್ಮಾರ, ಬಡಗಿ, ಕಂಚುಗಾರ, ಅಕ್ಕಸಾಲಿಗ, ಚರ್ಮದ ಕೆಲಸದವರು ಎಂದು ಕೆಲಸ ಹಂಚಿಹೋಗಿತ್ತು. ಕೊಡವರು ಸೊಂಟಪಟ್ಟಿಯಾದ ಚೇಲೆಗೆ ಸಿಕ್ಕಿಸುವ ಪೀಚೆಕತ್ತಿಯನ್ನೇ ನೋಡಿ: ಉಕ್ಕಿನ ಅಲಗು, ಮರದ ಒರೆ, ಅದರ ಮೇಲೆ ಬೆಳ್ಳಿಯ ಕುಸುರಿ; ಮೂರೂ ಬೇರೆಬೇರೆ ವಿದ್ಯೆಗಳು. ಹಾಗೆಯೇ ಅಲಗಿನ ಜೀವ ಇರುವುದು ಹದದಲ್ಲಿ, ಮತ್ತು ಹದ ಸುಲಭಕ್ಕೆ ಒಲಿಯುವ ವಿದ್ಯೆ ಅಲ್ಲ. ನಮ್ಮ ಕುಲುಮೆಗಳಲ್ಲಿ ಮಚ್ಚಿಗೆ ಬಳಸುವುದು ಬಹುಮಟ್ಟಿಗೆ ಲಾರಿಯ ಹಳೆಯ ಕಮಾನು ಪಟ್ಟಿ. ನೂರು ಪಾಲಿನಲ್ಲಿ ಅರ್ಧ ಪಾಲಿಗೂ ತುಸು ಹೆಚ್ಚು ಇಂಗಾಲವಿರುವ ಈ ಉಕ್ಕು ಸುಮಾರು 770 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಅಯಸ್ಕಾಂತಕ್ಕೆ ಅಂಟುವುದನ್ನು ಬಿಡುತ್ತದೆ. ಅದಕ್ಕಿಂತ ತುಸು ಮೇಲಕ್ಕೆ ಕಾಯಿಸಿ ಅದ್ದಿದರೆ ಗಡುಸಾಗುತ್ತದೆ. ಆದರೆ ಗಾಜಿನಂತೆ ಒಡೆಯುತ್ತದೆ. ಮತ್ತೆ 200 ಡಿಗ್ರಿಯ ಆಸುಪಾಸಿನಲ್ಲಿ ಕಾಯಿಸಿ, ಉಜ್ಜಿದ ಅಲಗಿನ ಮೇಲೆ ಒಣಹುಲ್ಲಿನ ಬಣ್ಣ ಮೂಡಿದಾಗ ನಿಲ್ಲಿಸಿದರೆ ಮಾತ್ರ ಬಾಯಿ ನಿಲ್ಲುತ್ತದೆ. ಈ ಎರಡೂ ಕಾವನ್ನು ಕಮ್ಮಾರ ಅಲಗಿನ ಬಣ್ಣ ನೋಡಿಯೇ ಹೇಳುತ್ತಾನೆ. ಆ ಕಣ್ಣು ತಿದಿಯ ಮುಂದೆ ವರ್ಷಗಟ್ಟಲೆ ಕೂತು ಬಂದದ್ದು. ಭಾನುವಾರದ ಹವ್ಯಾಸಿ ಅದನ್ನು ಕುಲುಮೆಯ ಪಕ್ಕ ನಿಂತು, ತಿದಿ ಒತ್ತುತ್ತ ಕಲಿಯಬಹುದು. ಕಲಿತ ಮೇಲೆ ಸುತ್ತಿಗೆಯನ್ನೂ ಹಿಡಿಯಲಿ.

ಹವ್ಯಾಸಿಯ ಪಾಲು ಕಡಿಮೆಯದೇನಲ್ಲ. ಹಿಡಿಗೆ ಜಾಲಿ ಇದೆ, ತೆಂಗಿನ ನಾಡಿನಲ್ಲಿ ಬಲಿತ ತೆಂಗಿನ ಮರದ ಹೊರಸುತ್ತಿನ ಗಟ್ಟಿ ಭಾಗ ಇದೆ. ಮರದ ಒರೆಯಾದರೆ ಚೆನ್ನಾಗಿ ಒಣಗಿದ ತುಂಡನ್ನು ಉದ್ದಕ್ಕೆ ಸೀಳಿ, ಎರಡೂ ಹೋಳಿನ ಒಳಗೆ ಅಲಗಿನ ಅಚ್ಚು ಕೊರೆದು ಮತ್ತೆ ಕೂಡಿಸಬೇಕು. ಹಸಿ ಮರ ಒಣಗುತ್ತ ಸೊಟ್ಟಗಾಗಿ ಅಲಗನ್ನು ಹಿಡಿದುಬಿಡುತ್ತದೆ. ಚರ್ಮದ ಒರೆಗೆ ತೊಗಟೆಯಲ್ಲಿ ಹದಮಾಡಿದ ಚರ್ಮವೇ ಬೇಕು. ನೆನೆಸಿ ಅಲಗಿನ ಸುತ್ತ ಒತ್ತಿದರೆ ಅದೇ ಆಕಾರಕ್ಕೆ ನಿಲ್ಲುತ್ತದೆ. ಕ್ರೋಮ್ ಹದದ ಚರ್ಮ ಹಾಗೆ ನಿಲ್ಲುವುದಿಲ್ಲ, ಅದರಲ್ಲುಳಿದ ಲವಣ ಉಕ್ಕಿಗೆ ತುಕ್ಕನ್ನೂ ತರುತ್ತದೆ. ಅಲಗಿನ ಬಾಯಿ ಬರುವ ಕಡೆ ಎರಡು ಪದರದ ನಡುವೆ ಇನ್ನೊಂದು ಪಟ್ಟಿ ಇಟ್ಟು ಹೊಲಿಯಬೇಕು. ಇಲ್ಲದಿದ್ದರೆ ಕತ್ತಿ ಹೊಲಿಗೆಯನ್ನೇ ಕತ್ತರಿಸುತ್ತದೆ. ಎಂಥ ಒಳ್ಳೆಯ ಚರ್ಮವೂ ತೇವ ಹಿಡಿಯುತ್ತದೆ. ಆದ್ದರಿಂದ ತಿಂಗಳುಗಟ್ಟಲೆ ಎತ್ತಿಡುವ ಅಲಗನ್ನು ಎಣ್ಣೆ ಸವರಿ ಒರೆಯ ಹೊರಗೇ ಇಡಬೇಕು.

ಬಯಲುಸೀಮೆಯ ಮಚ್ಚಿಗೆ ಒರೆ ಎಲ್ಲಿತ್ತು, ಇದು ಎಲ್ಲಿಯ ಪರಂಪರೆ ಎಂದು ಹಿರಿಯರು ಕೇಳಿದರೆ ಆ ಮಾತಿನಲ್ಲಿ ಹುರುಳಿದೆ. ಇಲ್ಲಿ ಮಚ್ಚು ಸೂರಿಗೋ ಕಂಬಕ್ಕೋ ಸಿಕ್ಕಿಸುವ ವಸ್ತು. ಕರಾವಳಿಯಲ್ಲಿ ಸೊಂಟಕ್ಕೆ ಕಟ್ಟುವ ಮರದ ಕೊಕ್ಕೆ ಸಾಕಾಯಿತು. ಕೊಡಗಿನ ಒಡಿಕತ್ತಿಯೂ ಬೆನ್ನ ಹಿಂದೆ ಲೋಹದ ಕೊಕ್ಕೆಯಾದ ತೋಡಂಗ್‌ನಲ್ಲಿ ಬರಿಯ ಅಲಗಾಗಿಯೇ ನಿಲ್ಲುತ್ತದೆ. ಆದರೂ ಮಕ್ಕಳಿರುವ ಮನೆಯಲ್ಲಿ, ಬೈಕಿನ ಪೆಟ್ಟಿಗೆಯಲ್ಲಿ ತೋಟಕ್ಕೆ ಹೋಗುವ ಇಂದಿನ ಕತ್ತಿಗೆ ಒರೆ ಬೇಕು. ಬಳಕೆ ಬದಲಾದಾಗ ಹೊಸ ಅಂಗ ಸೇರುವುದನ್ನು ಯಾವ ಕಸುಬೂ ತಡೆದಿಲ್ಲ.

ಇನ್ನೊಂದು ಆಕ್ಷೇಪ ಗಂಭೀರವಾದದ್ದು: ಮಚ್ಚು ಎಂದೊಡನೆ ಪೊಲೀಸ್ ಠಾಣೆ ನೆನಪಾಗುವ ಕಾಲದಲ್ಲಿ ಇದೆಂಥ ಹವ್ಯಾಸ? 2016ರ ಶಸ್ತ್ರಾಸ್ತ್ರ ನಿಯಮಗಳು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗನ್ನು ಆಯುಧಗಳ ಪಟ್ಟಿಗೆ ಸೇರಿಸುತ್ತವೆ. ಮನೆಬಳಕೆ, ಕೃಷಿಗೆಂದು ಮಾಡಿದವನ್ನು ಹೊರಗಿಡುತ್ತವೆ. ಹವ್ಯಾಸಿ ಈ ಅಳತೆಯ ಒಳಗೇ ಇರಲಿ. ತರಕಾರಿ ಹೆಚ್ಚುವ, ಕಾಯಿ ಕೆತ್ತುವ, ಕಸಿ ಕಟ್ಟುವ ಕತ್ತಿಗಿಂತ ಆಚೆ ಅವನಿಗೆ ಬೇಕಾದದ್ದೂ ಇಲ್ಲ. ಪ್ರದರ್ಶನಕ್ಕೆಂದು ಕಠಾರಿ ಮಾಡಿ ಫೋಟೊ ಹಾಕುವ ಚಾಳಿಯನ್ನು ನಾನು ಒಪ್ಪುವುದಿಲ್ಲ.

ಮಾರುಕಟ್ಟೆಯ ಅಗ್ಗದ ಸ್ಟೀಲ್ ಚಾಕು ಕುಲುಮೆಯ ಗಿರಾಕಿಯನ್ನು ಕಸಿದಿರುವುದು ನಿಜ. ಸುಗ್ಗಿಯ ಕಣದಲ್ಲಿ ಆಯ ಕೊಟ್ಟು ವರ್ಷವಿಡೀ ಕುಳ ತಟ್ಟಿಸುತ್ತಿದ್ದ ವ್ಯವಸ್ಥೆ ಹೋಯಿತು. ಟ್ರ್ಯಾಕ್ಟರ್ ಬಂದು ಆ ಕುಳದ ಕೆಲಸವೂ ಕರಗಿತು. 2023ರ ಸೆಪ್ಟೆಂಬರ್ 17ರಂದು ಚಾಲನೆಗೊಂಡ ಪಿ.ಎಂ. ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕಮ್ಮಾರಿಕೆಯೂ ಸೇರಿದೆ. ಉಪಕರಣಕ್ಕೆ 15,000 ರೂಪಾಯಿ ನೆರವು ಸಿಗುತ್ತದೆ. ಆದರೆ ಉಪಕರಣ ಬಂದರೂ ಕೆಲಸ ಬರಬೇಕಲ್ಲ. ಕಡೂರು, ತರೀಕೆರೆ, ಅಜ್ಜಂಪುರದ ಕಡೆಯ ಹವ್ಯಾಸಿಗಳು ಮುಂದಿನ ಆಯುಧಪೂಜೆಗೆ ಮುಂಚೆ ತಮ್ಮ ಹೋಬಳಿಯ ಕುಲುಮೆಗೆ ಹೋಗಿ ಒಂದು ಅಲಗು ಮಾಡಿಸಲಿ, ಚೌಕಾಸಿ ಮಾಡದೆ ಕೂಲಿ ಕೊಡಲಿ, ಒರೆಯನ್ನು ತಾವೇ ಹೊಲಿಯಲಿ.