ಮೆದು ತಂತಿ, ಹಗುರ ಕಲಿಕೆ

ಪಿಟೀಲಿನ ಬಳಗದಲ್ಲಿ ಎಲ್ಲಕ್ಕಿಂತ ದೊಡ್ಡದು ಡಬಲ್ ಬಾಸ್. ಆಳೆತ್ತರದ ಈ ವಾದ್ಯಕ್ಕೆ ಸಾಮಾನ್ಯವಾಗಿ ನಾಲ್ಕೇ ತಂತಿ. ಆದರೆ ಒಂದೊಂದು ತಂತಿಯೂ ಸುಮಾರು 25ರಿಂದ 30 ಕಿಲೋ ಭಾರ ತೂಗುಹಾಕಿದಷ್ಟು ಬಿಗಿಯಾಗಿರುತ್ತದೆ. ಹೊಸದಾಗಿ ಕಲಿಯುವವರ ಬೆರಳಿನಲ್ಲಿ ಬೊಬ್ಬೆ ಏಳಲು ಇಷ್ಟು ಸಾಕು. ‘ಇದು ನನ್ನ ಕೈಲಾಗದು’ ಎಂದು ಮಕ್ಕಳು ಹಿಂಜರಿದರೆ ಪಾಲಕರು ಅದನ್ನು ಆಸಕ್ತಿಯ ಕೊರತೆ ಎಂದುಕೊಳ್ಳುವ ಮೊದಲು ತಂತಿಯನ್ನು ಪರೀಕ್ಷಿಸುವುದು ಒಳ್ಳೆಯದು.

ಒಂದೇ ಹೆಸರಿನ ತಂತಿ ಬೇರೆ ಬೇರೆ ಬಿಗಿಗಳಲ್ಲಿ ದೊರೆಯುವುದುಂಟು. ವಿಯೆನ್ನಾದ ಥೊಮಾಸ್ಟಿಕ್ ಕಂಪನಿಯ ಸ್ಪಿರೊಕೋರ್ ತಂತಿಯ ಪೊಟ್ಟಣದಲ್ಲಿ ‘ವೈಖ್’ ಎಂದಿದ್ದರೆ ಮೆದು, ‘ಮಿಟ್ಟೆಲ್’ ಎಂದಿದ್ದರೆ ಮಧ್ಯಮ ಎಂದರ್ಥ. ಉಕ್ಕಿನ ಬದಲು ಕೃತಕ ನೂಲಿನ ತಿರುಳುಳ್ಳ ತಂತಿಗಳು ಸಾಮಾನ್ಯವಾಗಿ ಬೆರಳಿಗೆ ಇನ್ನೂ ಹಿತ. ಹಾಗೆಂದು ತೀರಾ ಸಡಿಲವೂ ಸಲ್ಲದು. ಜೋರಾಗಿ ಮೀಟಿದಾಗ ತಂತಿ ಕೆಳಗಿನ ಹಲಗೆಗೆ ಬಡಿದು ಕರಕರ ಸದ್ದು ಮಾಡುತ್ತದೆ.

ಹೊಸ ತಂತಿಗೆ ಹಣ ಸುರಿಯುವ ಮುನ್ನ ಕುದುರೆಯ ಎತ್ತರವನ್ನು ಬಲ್ಲವರಿಗೆ ತೋರಿಸಬೇಕು. ಕುದುರೆ ಹೆಚ್ಚು ಎತ್ತರವಿದ್ದರೆ ಮೆದು ತಂತಿಯೂ ಬೆರಳು ನೋಯಿಸುತ್ತದೆ. ತಂತಿಗಳನ್ನು ಒಂದಾದ ಮೇಲೊಂದರಂತೆ ಬದಲಿಸಬೇಕು. ನಾಲ್ಕನ್ನೂ ಒಮ್ಮೆಗೇ ಬಿಚ್ಚಿದರೆ ವಾದ್ಯದೊಳಗೆ ಆಧಾರವಾಗಿ ನಿಂತ ಕಡ್ಡಿ ಉರುಳಬಹುದು.

ಬೆರಳು ಪಳಗಿದ ಮೇಲೆ ಬಿಗಿ ತಂತಿ ಇದ್ದೇ ಇದೆ.