ಔರಾದಿನ ದಾರಿಯ ಪರ್ವತಗಳು

ಬೀದರಿನ ಕೋಟೆಯ ಉತ್ತರದಂಚಿನಲ್ಲಿ ನಿಂತು ನೋಡುವವನಿಗೆ ಜಂಬಿಟ್ಟಿಗೆಯ ಕೆಂಪು ಪ್ರಸ್ಥಭೂಮಿ ಅಲ್ಲಿಯೇ ಥಟ್ಟನೆ ಮುಗಿದು, ಮಾಂಜರಾ ನದಿಯ ಕಡೆಗೆ ಎರೆಯ ಬಯಲು ಹಾಸಿಕೊಂಡಿರುವುದು ಸ್ಪಷ್ಟವಾಗಿಯೇ ಕಾಣುತ್ತದೆ; ಆದರೆ ಇದೇ ನೆಲವನ್ನು ಔರಾದಿನವರೆಗೆ ಸೀಳಿ ನೋಡಿದಂತೆ ಕಾಗದದ ಮೇಲೆ ಬರೆಯಹೊರಟ ಭೂವಿಜ್ಞಾನಿಗೆ ಮೊದಲ ಗೆರೆಯಲ್ಲಿಯೇ ತೊಡಕು ಎದುರಾಗುತ್ತದೆ. ಲೆಕ್ಕದ ಅನುಕೂಲಕ್ಕೆ ದೂರವನ್ನು 40 ಕಿಲೋಮೀಟರೆಂದೂ ಏರಿಳಿತವನ್ನು 100 ಮೀಟರೆಂದೂ ಹಿಡಿಯೋಣ. ಕಿಲೋಮೀಟರಿಗೆ ಒಂದು ಸೆಂಟಿಮೀಟರಿನಂತೆ ಬರೆದರೆ ಚಿತ್ರದ ಉದ್ದ 40 ಸೆಂಟಿಮೀಟರು, ಎತ್ತರವೋ ಒಂದೇ ಮಿಲಿಮೀಟರು. ಬಹಮನಿ ಸುಲ್ತಾನರ ರಾಜಧಾನಿಯೂ ನದಿಯ ಕಣಿವೆಯೂ ಪೆನ್ಸಿಲ್ ಗೆರೆಯ ದಪ್ಪದಲ್ಲಿಯೇ ಲೀನವಾಗಿಬಿಡುತ್ತವೆ.

ಅದರಿಂದಲೇ ದೂರದ ಮಾನವನ್ನು ಇದ್ದಂತೆಯೇ ಬಿಟ್ಟು ಎತ್ತರದ ಮಾನವನ್ನು ಮಾತ್ರ, ಇಪ್ಪತ್ತು ಪಟ್ಟೆನ್ನಿ, ಹಿಗ್ಗಿಸುವ ಪದ್ಧತಿ ರೂಢಿಗೆ ಬಂದಿತು. ಇದಕ್ಕೆ ಲಂಬ ಉತ್ಪ್ರೇಕ್ಷೆಯೆಂದು ಹೆಸರು. ಭಾಲ್ಕಿ ತಾಲ್ಲೂಕಿನ ಬ್ಯಾಲಹಳ್ಳಿಯ ಬಳಿ ಕಾರಂಜಾ ನದಿಗೆ ಕಟ್ಟಿದಂಥ ಅಣೆಕಟ್ಟೆಯಿಂದ ಹೊರಡುವ ಕಾಲುವೆಯನ್ನು, ಕಣ್ಣಿಗೆ ಕಾಣದಷ್ಟು ಸೌಮ್ಯವಾದ ಅದರ ಇಳಿಜಾರಿನ ಸಮೇತ, ಬೇರಾವ ರೀತಿಯಲ್ಲಿಯೂ ನಕ್ಷೆಗಿಳಿಸಲಾಗದು. ನೌಬಾದಿನ ಸುರಂಗ ಬಾವಿಯ ಮಾತೂ ಇದೇ. ಮಳೆಯ ನೀರು ಸಚ್ಛಿದ್ರವಾದ ಜಂಬಿಟ್ಟಿಗೆಯಲ್ಲಿ ಇಂಗಿ, ಕೆಳಗಿನ ಗಟ್ಟಿಯಾದ ಬಸಾಲ್ಟ್ ಶಿಲೆ ತಡೆದಲ್ಲಿ ನಿಂತು, ಸುರಂಗಕ್ಕೆ ಜಿನುಗಿ, ಯಾರೂ ಎತ್ತದೆಯೇ ತನ್ನ ಇಳಿಜಾರಿನಲ್ಲಿ ಹರಿಯುವ ಚಮತ್ಕಾರವು ಉತ್ಪ್ರೇಕ್ಷಿತ ಚಿತ್ರದಲ್ಲಿ ಮಾತ್ರ ಓದುಗನಿಗೆ ತಿಳಿಯುತ್ತದೆ.

ಆದರೆ ಈ ಉಪಕಾರಕ್ಕೆ ತೆರಬೇಕಾದ ಬೆಲೆ ಸಣ್ಣದಲ್ಲ. ಸುರಂಗದ ಮೇಲೆ ಸಾಲಾಗಿ ತೋಡಿದ ಬಾವಿಗಳು ಅಂಥ ಚಿತ್ರದಲ್ಲಿ ಸೂಜಿಗಳಾಗುತ್ತವೆ. ಹತ್ತು ಮೀಟರಿನ ಆಳ ಇನ್ನೂರು ಮೀಟರಿನ ಪಾತಾಳವಾಗಿ ತೋರುತ್ತದೆ. ಎತ್ತರ ಇಪ್ಪತ್ತು ಪಟ್ಟಾದರೆ ಇಳಿಜಾರಿನ ಕೋನವೂ ಇಪ್ಪತ್ತು ಪಟ್ಟಾಗುವುದೆಂದು ಭಾವಿಸುವುದು ಸಹಜವಾದರೂ ಅದು ಸರಿಯಲ್ಲ, ಏಕೆಂದರೆ ಹಿಗ್ಗುವುದು ಕೋನವಲ್ಲ, ಅದರ ಸ್ಪರ್ಶಕ. ಬಂಡಿ ಹತ್ತಬಹುದಾದ 5 ಡಿಗ್ರಿಯ ಇಳಿಜಾರು ಚಿತ್ರದಲ್ಲಿ 60 ಡಿಗ್ರಿಯ ಪ್ರಪಾತವಾಗುತ್ತದೆ. 80 ಡಿಗ್ರಿಯ ಕಡಿದಾದ ಬಂಡೆಯೋ ತೊಂಬತ್ತರ ಹತ್ತಿರಕ್ಕೆ ಸರಿದು ನಿಲ್ಲುವುದಷ್ಟೆ. ಹೀಗೆ ನಿಜವಾದ ಕಡಿದಕ್ಕೂ ಸಾಧಾರಣ ಏರಿಗೂ ಇರುವ ಅಂತರವೇ ಅಳಿಸಿಹೋಗುತ್ತದೆ. ಮಟ್ಟಸವಾಗಿ ಮಲಗಿದ ಜಂಬಿಟ್ಟಿಗೆಯ ಪದರ ಇಪ್ಪತ್ತು ಪಟ್ಟು ದಪ್ಪವಾಗಿ, ನೆಟ್ಟಗೆ ನಿಂತ ಶಿಲಾಭಿತ್ತಿಯ ದಪ್ಪ ಇದ್ದಷ್ಟೇ ಉಳಿಯುವುದು ಇನ್ನೂ ವಂಚಕವಾದ ಸಂಗತಿ.

ಈ ಮೋಹಕ್ಕೆ ಅನ್ಯಗ್ರಹಗಳನ್ನು ಅಭ್ಯಸಿಸುವವರೂ ಹೊರತಲ್ಲ! 1989ರಲ್ಲಿ ಹಾರಿಸಿದ ಮೆಗೆಲನ್ ನೌಕೆಯ ರಾಡಾರ್ ಮಾಪನಗಳಿಂದ ನಾಸಾ ರಚಿಸಿದ ಶುಕ್ರಗ್ರಹದ ಮಾಟ್ ಮಾನ್ಸ್ ಜ್ವಾಲಾಮುಖಿಯ ಪ್ರಸಿದ್ಧ ಚಿತ್ರದಲ್ಲಿ ಎತ್ತರವನ್ನು 22.5 ಪಟ್ಟು ಹಿಗ್ಗಿಸಲಾಗಿತ್ತು. ಪರ್ವತ ಸುಮಾರು 8 ಕಿಲೋಮೀಟರ್ ಎತ್ತರದ್ದೇ ಆದರೂ ಅದರ ಬುಡದ ಹರವು ನೂರಾರು ಕಿಲೋಮೀಟರುಗಳದ್ದು. ಚಿತ್ರದಲ್ಲಿ ಕಂಡ ಕಡಿದಾದ ಶಿಖರ ಆ ಗ್ರಹದ ಮೇಲೆ ಎಲ್ಲಿಯೂ ಇಲ್ಲ. ಗ್ರಹವಿಜ್ಞಾನಿ ಡೇವಿಡ್ ಮಾರಿಸನ್ನರು 1992ರಲ್ಲಿ ಚಪ್ಪಟೆ ಶುಕ್ರದ ಸಂಘವೊಂದನ್ನು ಪರಿಹಾಸಕ್ಕಾಗಿ ಘೋಷಿಸಿ ಇದನ್ನು ಪ್ರತಿಭಟಿಸಿದರು.

ಉತ್ಪ್ರೇಕ್ಷೆಯನ್ನು ಬಿಡಬೇಕೆಂದು ನಾನು ಹೇಳಲಾರೆ, ಬಿಟ್ಟರೆ ಕಾಣುವುದು ಬರಿಯ ಗೆರೆ. ಎಷ್ಟು ಪಟ್ಟೆಂಬುದನ್ನು ಚಿತ್ರದ ಒಳಗೇ ಅಚ್ಚು ಹಾಕಬೇಕು. ಅಡಿಬರಹದಲ್ಲಿದ್ದರೆ ಚಿತ್ರವನ್ನು ಎತ್ತಿಕೊಂಡವರು ಅದನ್ನು ಕೈಬಿಡುತ್ತಾರೆ. ಆ ಚಿತ್ರದ ಕೆಳಗೆ ಅದೇ ನೆಲವನ್ನು ನಿಜಮಾನದಲ್ಲಿಯೂ ಒಮ್ಮೆ ಬರೆಯಬೇಕು. ಬೀದರಿನಿಂದ ಔರಾದಿನವರೆಗಿನ ಚಿತ್ರಕ್ಕೆ ಇದಕ್ಕಾಗಿ ಬೇಕಾಗುವ ಜಾಗ ಅಚ್ಚಿನ ಒಂದು ಸಾಲಿನಷ್ಟೂ ಅಲ್ಲ.