ಸಂಘಗಳ ಬಾಗಿಲಿಗೆ ವಿದ್ಯಾರ್ಥಿ ಸಂಶೋಧಕರು

ಕೊನೆಯ ಸೆಮಿಸ್ಟರ್ ಬಂತೆಂದರೆ ನಮ್ಮ ಹಳ್ಳಿಗಳ ಸ್ವಸಹಾಯ ಸಂಘ, ಹಾಲು ಉತ್ಪಾದಕರ ಸಂಘ, ಯುವಕ ಮಂಡಲಗಳ ಬಾಗಿಲಿಗೆ ವಿದ್ಯಾರ್ಥಿಗಳು ಬರುತ್ತಾರೆ. ಕೈಯಲ್ಲಿ ಪ್ರಾಚಾರ್ಯರ ಪತ್ರ, ಜೊತೆಗೆ ಅಚ್ಚು ಹಾಕಿಸಿದ ಪ್ರಶ್ನಾವಳಿ. ಸಮಾಜಕಾರ್ಯ ವಿಭಾಗದವರಿಗೆ ಕ್ಷೇತ್ರಕಾರ್ಯವು ಹಿಂದಿನಿಂದಲೂ ಪಠ್ಯದ ಭಾಗ. ಕೇಂದ್ರ ಸರ್ಕಾರವು 2014ರಲ್ಲಿ ಆರಂಭಿಸಿದ ಉನ್ನತ ಭಾರತ ಅಭಿಯಾನದ ತರುವಾಯ ಇತರ ವಿಭಾಗಗಳವರೂ ಹಳ್ಳಿಗಳತ್ತ ಮುಖ ಮಾಡಿದ್ದಾರೆ. ಈ ಓಡಾಟದಿಂದ ವಿದ್ಯಾರ್ಥಿಗೆ ಅಂಕ ದೊರೆಯುತ್ತದೆ. ಸಂಘಕ್ಕೆ ದೊರೆಯುವುದೇನು?

ಉತ್ತರವು ಬಹುಮಟ್ಟಿಗೆ ಸಂಶೋಧನೆಯ ಬಗೆಯನ್ನು ಅವಲಂಬಿಸಿದೆ. ಎಷ್ಟು ಜನ, ಎಷ್ಟು ಹಣ ಎಂದು ಎಣಿಸುವುದು ಒಂದು ಬಗೆ. ಜನರು ತಮ್ಮ ಬದುಕನ್ನು ಹೇಗೆ ಅರ್ಥಮಾಡಿಕೊಂಡಿದ್ದಾರೆ, ಏಕೆ ಹಾಗೆ ನಡೆದುಕೊಳ್ಳುತ್ತಾರೆ ಎಂಬುದನ್ನು ಅವರ ಮಾತಿನಿಂದಲೇ ತಿಳಿಯುವುದು ಇನ್ನೊಂದು. ಎರಡನೆಯದನ್ನೇ ಗುಣಾತ್ಮಕ ಸಂಶೋಧನೆ ಎನ್ನುತ್ತಾರೆ.

2000-01ರಲ್ಲಿ ರಾಜ್ಯದಾದ್ಯಂತ ಆರಂಭವಾದ ಸ್ತ್ರೀಶಕ್ತಿ ಯೋಜನೆಯ ಒಂದು ಸಂಘವನ್ನು ತೆಗೆದುಕೊಳ್ಳೋಣ. ಹದಿನೈದು ಇಪ್ಪತ್ತು ಸದಸ್ಯೆಯರು. ‘ಕಂತನ್ನು ಸಕಾಲದಲ್ಲಿ ಕಟ್ಟುತ್ತೀರಾ?’ ಎಂದು ಪ್ರಶ್ನಾವಳಿ ಕೇಳಿದರೆ ಎಲ್ಲರೂ ಹೌದೆನ್ನಬಹುದು. ಲೆಕ್ಕದ ಪುಸ್ತಕವೂ ಅದನ್ನೇ ಹೇಳಬಹುದು. ಆದರೆ ಕಂತಿನ ಹಣ ಬಂದದ್ದು ಕೂಲಿಯಿಂದಲೋ, ಓಲೆ ಅಡವಿಟ್ಟೋ, ಇನ್ನೊಂದು ಕಡೆ ಸಾಲ ಮಾಡಿಯೋ? ಕಿರುಸಾಲದ ವಸೂಲಿಯಲ್ಲಿ ನಡೆಯುವ ಕಿರುಕುಳವನ್ನು ತಡೆಯಲು ರಾಜ್ಯ ಸರ್ಕಾರವು 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಮರುಪಾವತಿಯ ಅಂಕಿಯೊಂದನ್ನೇ ನೋಡುವವರಿಗೆ ಇಂಥ ಸಂಕಟ ಕಾಣುವುದಿಲ್ಲ.

ಅದನ್ನು ಕೇಳಿಸಿಕೊಳ್ಳಲು ಸಮಯ ಬೇಕು. ಸಂಘದ ಪ್ರತಿನಿಧಿಯ ಎದುರಿನಲ್ಲಿ, ಎಲ್ಲರೂ ಕುಳಿತಿರುವಾಗ ಸಾಲದ ಮಾತು ಹೊರಬರಲಾರದು. ಮೊದಲ ಭೇಟಿಯಲ್ಲಿ ಚಹಾ ಸಿಗುತ್ತದೆ, ಸಂಘದ ಹೊಗಳಿಕೆ ಸಿಗುತ್ತದೆ. ಮೂರನೆಯ ಅಥವಾ ನಾಲ್ಕನೆಯ ಭೇಟಿಯಲ್ಲಿ, ಸಭೆ ಮುಗಿದು ಚಾಪೆ ಮಡಚುವ ಹೊತ್ತಿನಲ್ಲಿ, ಒಬ್ಬಾಕೆ ತಾನಾಗಿಯೇ ಬಾಯಿಬಿಟ್ಟಾಳು. ಆಗ ಆಕೆಯ ಮಾತನ್ನು ಆಕೆಯ ಪದಗಳಲ್ಲಿಯೇ ಬರೆದುಕೊಳ್ಳಬೇಕು. ‘ಕಂತು ತಪ್ಪಿದರೆ ಮರ್ಯಾದೆ ಹೋಗುತ್ತದೆ’ ಎಂಬುದನ್ನು ‘ಮಾನಸಿಕ ಒತ್ತಡ’ ಎಂದು ತಿದ್ದಿ ಬರೆದರೆ ಮುಖ್ಯವಾದದ್ದೇ ಕಳೆದುಹೋಗುತ್ತದೆ. ಮರ್ಯಾದೆ ಹೋಗುವುದು ನೆರೆಯವರ ಎದುರಿನಲ್ಲಿ. ಆ ನೆರೆಯವರೇ ಸಂಘದ ಸದಸ್ಯೆಯರು. ಗುಂಪಿನ ಹೊಣೆಗಾರಿಕೆಯ ಸಾಲ ಹೇಗೆ ವಸೂಲಾಗುತ್ತದೆ ಎಂಬುದು ಆ ಒಂದು ಪದದಲ್ಲಿದೆ.

ಹತ್ತು ಜನರೊಡನೆ ಮಾತನಾಡಿ ‘ಶೇ. 70ರಷ್ಟು ಮಹಿಳೆಯರು’ ಎಂದು ಬರೆಯುವುದೂ ತರವಲ್ಲ. ಇಲ್ಲಿ ಕೆಲಸ ಶೇಕಡಾವಾರಿನದಲ್ಲ. ಟಿಪ್ಪಣಿಗಳನ್ನು ಮತ್ತೆ ಮತ್ತೆ ಓದಿ, ಮರುಕಳಿಸುವ ಸಂಗತಿಗಳನ್ನು ಗುರುತಿಸಿ, ಅವುಗಳಿಗೆ ಒಗ್ಗದ ಮಾತನಾಡಿದವರನ್ನು ವಿಶೇಷವಾಗಿ ಗಮನಿಸುವುದು.

ಗುಟ್ಟು ಕಾಯುವ ವಿಷಯ ಇನ್ನೂ ಸೂಕ್ಷ್ಮ. ಖ್ಯಾತ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಅವರು 1948ರಲ್ಲಿ ಮೈಸೂರಿಗೆ ಸಮೀಪದ ಹಳ್ಳಿಯೊಂದರಲ್ಲಿ ನೆಲೆಸಿ ಅಧ್ಯಯನ ನಡೆಸಿದರು. 1976ರಲ್ಲಿ ಪ್ರಕಟವಾದ ‘ದಿ ರಿಮೆಂಬರ್ಡ್ ವಿಲೇಜ್’ ಗ್ರಂಥದಲ್ಲಿ ಅದನ್ನು ರಾಂಪುರ ಎಂದು ಕರೆದರು. ಅದು ಕೊಡಗಹಳ್ಳಿಯೆಂಬುದು ಇಂದು ಯಾರಿಗೂ ಗುಟ್ಟಲ್ಲ. ಊರಿನ ಗತಿಯೇ ಹೀಗಾದರೆ, ಇಪ್ಪತ್ತು ಜನರ ಸಂಘದಲ್ಲಿ ‘ಎರಡು ಹಸು ಸಾಕಿರುವ, ಮಗ ಬೆಂಗಳೂರಿನಲ್ಲಿರುವ ವಿಧವೆ’ ಯಾರೆಂದು ಊರಿಗೆ ತಿಳಿಯದೆ? ಹೆಸರು ಬದಲಿಸಿದರೆ ಸಾಲದು, ವಿವರಗಳನ್ನೂ ಮಸುಕುಗೊಳಿಸಬೇಕು. ಕೆಲವನ್ನು ಬರೆಯದೆಯೇ ಬಿಡಬೇಕು. ಅಂಗನವಾಡಿ ಕಾರ್ಯಕರ್ತೆಯ ಒಪ್ಪಿಗೆಯು ಸದಸ್ಯೆಯ ಒಪ್ಪಿಗೆಯಲ್ಲ. ‘ಮಾತನಾಡದಿದ್ದರೂ ನಿಮ್ಮ ಸಾಲಕ್ಕೆ ತೊಂದರೆಯಿಲ್ಲ’ ಎಂಬುದನ್ನು ವಿದ್ಯಾರ್ಥಿಯೇ ಸ್ಪಷ್ಟವಾಗಿ ಹೇಳಬೇಕು.

ಇನ್ನು ಹಿಂದಿರುಗಿಸುವ ಮಾತು. ರಟ್ಟು ಹಾಕಿಸಿದ ಪ್ರಬಂಧವು ವಿಭಾಗದ ಕಪಾಟು ಸೇರುತ್ತದೆ, ಅದೂ ಎಷ್ಟೋ ಬಾರಿ ಇಂಗ್ಲಿಷಿನಲ್ಲಿ. ಸಂಘಕ್ಕೆ ಬೇಕಾದದ್ದು ಎರಡು ಪುಟದ ಕನ್ನಡ ಬರಹ, ವಾರದ ಸಭೆಯಲ್ಲಿ ಗಟ್ಟಿಯಾಗಿ ಓದುವಂಥದ್ದು. ಪ್ರಬಂಧ ಒಪ್ಪಿಸುವ ಮೊದಲೇ ಅದನ್ನು ಓದಿದರೆ ತಪ್ಪುಗಳನ್ನು ಸದಸ್ಯೆಯರೇ ತಿದ್ದುತ್ತಾರೆ. ಸಂಘಕ್ಕೆ ಹಿಡಿಸದ ಸಂಗತಿ ಹೊರಬಿದ್ದರೆ ಏನು ಮಾಡುವುದೆಂಬುದನ್ನು ಮಾತ್ರ ಆರಂಭದಲ್ಲಿಯೇ ಇಬ್ಬರೂ ಕುಳಿತು ಬರೆದಿಟ್ಟುಕೊಳ್ಳುವುದು ಲೇಸು.

ಪ್ರಶ್ನೆಯನ್ನೂ ಸಂಘದೊಡನೆ ಕೂಡಿಯೇ ಆರಿಸಿಕೊಳ್ಳಬಹುದು. ನಡುವೆ ಸಂಘ ಬಿಟ್ಟವರು ಏಕೆ ಬಿಟ್ಟರು? ಪ್ರತಿನಿಧಿಯೇ ಹೋಗಿ ಕೇಳಿದರೆ ಬಾಕಿ ವಸೂಲಿಗೆ ಬಂದಂತೆ ತೋರುತ್ತದೆ. ಹೊರಗಿನಿಂದ ಬಂದ ವಿದ್ಯಾರ್ಥಿ ಕೇಳಬಹುದು. ಆದರೆ ಅಂಥವರು ಸಭೆಯಲ್ಲಿ ಸಿಗುವುದಿಲ್ಲ. ಅವರ ಮನೆ ಹುಡುಕಿಕೊಂಡು ಹೋಗಬೇಕು, ಕೂಲಿ ಮುಗಿಸಿ ಬರುವವರೆಗೆ ಜಗಲಿಯಲ್ಲಿ ಕಾಯಬೇಕು.